ಸಾರಣೆ ಮತ್ತು ಬಿರುಕು: ಅಮೂರ್ತ ಚಿತ್ರದ ಬೇರುಗಳನ್ನು ಕುರಿತು

ಕರ್ನಾಟಕದ ಅಮೂರ್ತ ಚಿತ್ರಕಲೆಯ ಚರ್ಚೆಯಲ್ಲಿ ಎರಡು ವಾದಗಳು ಮತ್ತೆ ಮತ್ತೆ ಎದುರಾಗುತ್ತವೆ. ಅದು ಪಶ್ಚಿಮದಿಂದ ಬಂದ ಶೈಲಿ ಎಂಬುದು ಒಂದು. ಜನಪದರ ಗೋಡೆಚಿತ್ರಗಳಲ್ಲಿಯೇ ಅದರ ಬೇರುಗಳಿವೆ ಎಂಬುದು ಇನ್ನೊಂದು. ಎರಡನೆಯದು ಜಾನಪದದ ಅಭ್ಯಾಸಿಗಳಾದ ನಮಗೆ ಹಿತವಾಗಿ ಕೇಳುವ ಮಾತು. ಆದ್ದರಿಂದಲೇ ಅದನ್ನು ಹೆಚ್ಚು ಎಚ್ಚರದಿಂದ ಪರಿಶೀಲಿಸಬೇಕು.

ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ ಸೀಮೆಯ ದೀವರ ಹಸೆ ಚಿತ್ತಾರವನ್ನೇ ಗಮನಿಸೋಣ. ಮಣ್ಣಿನ ಗೋಡೆ ಎಂದೂ ಪೂರ್ತಿ ಸಮನಾಗಿರುವುದಿಲ್ಲ. ಮಳೆಗಾಲ ಕಳೆಯುವಷ್ಟರಲ್ಲಿ ಬಿರುಕು, ಉಬ್ಬುತಗ್ಗು ಕಾಣಿಸಿಕೊಳ್ಳುತ್ತವೆ. ಚಿತ್ತಾರ ಬರೆಯುವ ಹೆಣ್ಣುಮಕ್ಕಳ ಮೊದಲ ಕೆಲಸ ಆ ಊನವನ್ನು ಮುಚ್ಚುವುದು. ಕೆಮ್ಮಣ್ಣಿನ ಸಾರಣೆ ಒಣಗಿದ ಮೇಲೆಯೇ ಪುಂಡಿನಾರಿನ ಕುಂಚ, ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ. ಎಳೆಗಳು ದಾರ ಹಿಡಿದಂತೆ ನೇರ. ವಿನ್ಯಾಸಗಳಿಗೆ ಹೆಸರಿದೆ, ಅರ್ಥವಿದೆ. ಮದುಮಕ್ಕಳು ಅದರ ಮುಂದೆ ಹಸೆಗೆ ಕೂರುತ್ತಾರೆ. ಬದುಕಿನ ಒಂದು ತಿರುವನ್ನು ಅದು ಗುರುತಿಸುತ್ತದೆ, ನಿಜ. ಆದರೆ ಆ ಬದುಕು ಬರೆದವಳೊಬ್ಬಳದಲ್ಲ, ಕುಲದ್ದು. ಇದನ್ನು ಅಮೂರ್ತವೆಂದು ಕರೆಯುವುದು, ಲಿಪಿ ತಿಳಿಯದವನು ಬರೆಹವನ್ನು ಬರಿಯ ಗೆರೆ ಎಂದಂತೆ.

ಆಸ್ಥಾನದ ಕಲೆಯೂ ಈ ವಿಷಯದಲ್ಲಿ ಬೇರೆಯಲ್ಲ. ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಳೇಶನ ಕ್ರಿ.ಶ. 578ರ ಶಾಸನವಿದೆ. ಅಲ್ಲಿ ಉಳಿದಿರುವ ವರ್ಣಚಿತ್ರಗಳೂ ಕಲ್ಲಿಗೆ ಗಾರೆ ಬಳಿದು ಅದರ ಮೇಲೆ ಬರೆದವು. ಗಾಳಿಮಳೆಗೆ ಸವೆದು ಸೀಳಿದ ಕೆಂಪು ಮರಳುಗಲ್ಲು ಚಾಲುಕ್ಯ ಚಿತ್ರಕಾರನಿಗೆ ಆಧಾರವಾಗಿತ್ತೇ ಹೊರತು ವಸ್ತುವಾಗಿರಲಿಲ್ಲ.

ಆ ಬಾದಾಮಿಯಲ್ಲಿಯೇ ಹುಟ್ಟಿದವರು ಆರ್.ಎಂ. ಹಡಪದ್ (1936-2003). 1960ರ ದಶಕದ ಕೊನೆಯಲ್ಲಿ ಅವರು ಬೆಂಗಳೂರಿನಲ್ಲಿ ಕೆನ್ ಕಲಾಶಾಲೆಯನ್ನು ಕಟ್ಟಿದರು. ಅವರ ಶಿಷ್ಯ ಜೆ.ಎಂ.ಎಸ್. ಮಣಿ (1949-2021) ಮುಂದೆ ಅದೇ ಶಾಲೆಯ ಪ್ರಾಚಾರ್ಯರಾದರು. ಗುರು ಬಂಡೆಯ ಊರಿನಿಂದ ನಗರಕ್ಕೆ ಬಂದರೆ ಶಿಷ್ಯ ನಗರದಿಂದ ಬಂಡೆಯ ಊರಿನತ್ತ ಹೊರಳಿದರು. ಮಣಿ ಅವರು ಅಮೂರ್ತಕ್ಕೆ ಸಮೀಪವಾದ ನಿಸರ್ಗದೃಶ್ಯಗಳನ್ನು ರಚಿಸಿದರು. ಅವರಿಗೆ ಹೆಸರು ತಂದದ್ದು ಮಾತ್ರ ಬಾದಾಮಿಯ ಜನರ ಚಿತ್ರಮಾಲೆ. ಗಾಢ ಬಣ್ಣದ ಆ ಮುಖಗಳಲ್ಲಿ ಬಿಸಿಲಿಗೆ ಬಿರಿದ ಕಲ್ಲಿನ ಒರಟುತನವಿದೆ ಎಂದು ನನ್ನ ಅನಿಸಿಕೆ.

ಇಲ್ಲಿ ಸಾರಣೆ ಇಲ್ಲ ಎಂಬುದೇ ಮುಖ್ಯ. ಹಿಂದಿನವರು ಮುಚ್ಚಿದ್ದನ್ನು ಆಧುನಿಕರು ತೆರೆದಿಟ್ಟರು. ಕುಲದ ಬದುಕಿನ ಜಾಗದಲ್ಲಿ ತಾವು ನಡೆದ ದಾರಿಯನ್ನು ಇಟ್ಟರು. ಹೀಗೆ ನೋಡಿದರೆ ಜನಪದ ಗೋಡೆಗೂ ಅಮೂರ್ತ ಕ್ಯಾನ್ವಾಸಿಗೂ ಇರುವುದು ತಾಯಿಮಕ್ಕಳ ನಂಟಲ್ಲ. ಇಂಥ ನಂಟು ಹೇಳಿ ಚಿತ್ತಾರಕ್ಕೆ ಗೌರವ ತರಬೇಕಾದ ಅಗತ್ಯವೂ ಇಲ್ಲ.

ಈಗ ಗೋಡೆಯೇ ಬದಲಾಗಿದೆ. ನಗರದೊಳಗೆ ಸೇರಿಹೋದ ಸುಬ್ರಹ್ಮಣ್ಯಪುರದಂಥ ಹಳ್ಳಿಗಳಲ್ಲಿ ಮಣ್ಣಿನ ಗೋಡೆ ಹೋಗಿ ಸಿಮೆಂಟು ಬಂದಿದೆ. ಸಾರಿಸುವ ಕೈಗೆ ಅಲ್ಲಿ ಕೆಲಸವಿಲ್ಲ. ಆ ನುಣುಪು ಗೋಡೆಗೆ ಬಿರುಕು ಬರುವುದಿದ್ದರೆ ಚೌಕಟ್ಟಿನೊಳಗೆ, ಚಿತ್ರವಾಗಿ ಬರಬೇಕು.