ಗಾಲಿಯ ತೂಕ

1924ರ ಆಗಸ್ಟ್ 3ರಂದು ಫ್ರಾನ್ಸಿನ ಲಿಯೋನ್ ನಗರದ ಸಮೀಪ ನಡೆದ ಗ್ರ್ಯಾಂಡ್ ಪ್ರಿ ಪಂದ್ಯದಲ್ಲಿ ಎತ್ತೋರೆ ಬುಗಾಟಿಯವರ ‘ಟೈಪ್ 35’ ಕಾರು ಮೊದಲ ಬಾರಿಗೆ ಕಣಕ್ಕಿಳಿಯಿತು. ಅಂದಿನ ಪಂದ್ಯದ ಕಾರುಗಳಿಗೆ ಸಾಮಾನ್ಯವಾಗಿ ತಂತಿಕಡ್ಡಿಗಳ ಗಾಲಿಗಳಿರುತ್ತಿದ್ದವು. ಬುಗಾಟಿಯವರಾದರೋ ಎಂಟು ಚಪ್ಪಟೆ ಅರಗಳ ಗಾಲಿಯನ್ನು ಬ್ರೇಕಿನ ಡ್ರಮ್ಮಿನೊಡನೆ ಒಂದೇ ಅಲ್ಯೂಮಿನಿಯಂ ಎರಕವಾಗಿ ಹೊಯ್ಯಿಸಿದ್ದರು. ಆ ದಿನ ಟೈರುಗಳು ಕೈಕೊಟ್ಟವು. ಆಲ್ಫಾ ರೋಮಿಯೋದ ಕಂಪಾರಿ ಗೆದ್ದರು. ಸೋತದ್ದು ಟೈರೇ ಹೊರತು ಗಾಲಿಯಲ್ಲ. ಅದೇ ಮಾದರಿಯ ಕಾರುಗಳು ಸಿಸಿಲಿಯ ಟಾರ್ಗಾ ಫ್ಲೋರಿಯೋ ಪಂದ್ಯವನ್ನು 1925ರಿಂದ 1929ರವರೆಗೆ ಸತತವಾಗಿ ಗೆದ್ದವು.

ಗಾಲಿ ಹಗುರವಾಗಬೇಕೇಕೆ? ಅದು ಕಾರಿನೊಡನೆ ಮುಂದೆ ಸಾಗಬೇಕು, ಜೊತೆಗೆ ತಿರುಗಲೂ ಬೇಕು. ವೇಗ ಹೆಚ್ಚಿಸುವಾಗ ಹೊರ ಅಂಚಿನ ಒಂದು ಕಿಲೋ ಎರಡು ಕಿಲೋದಷ್ಟು ಬಲವನ್ನು ಬೇಡುತ್ತದೆ. (ಬಳೆಯನ್ನೂ ನಾಣ್ಯವನ್ನೂ ಇಳಿಜಾರಿನಲ್ಲಿ ಒಟ್ಟಿಗೆ ಉರುಳಬಿಟ್ಟು ನೋಡಿ, ಬಳೆಯೇ ಹಿಂದುಳಿಯುತ್ತದೆ.)

ಹಾಗೆಂದು ದಿನನಿತ್ಯದ ಓಡಾಟದಲ್ಲಿ ಇದಕ್ಕೆ ಬಹಳ ಬೆಲೆ ಕೊಡಬೇಕಿಲ್ಲವೆಂದೇ ನನ್ನೆಣಿಕೆ. 1000 ಕಿಲೋ ತೂಗುವ ಕಾರಿನ ಪ್ರತಿ ಗಾಲಿಯಲ್ಲೂ 2 ಕಿಲೋ ಇಳಿಸಿದೆವೆನ್ನಿ. ಒಟ್ಟು 8, ಲೆಕ್ಕಕ್ಕೆ ಹೆಚ್ಚೆಂದರೆ 16 ಕಿಲೋ. ಅಂಗನವಾಡಿಯ ಮಗುವೊಂದನ್ನು ಕೆಳಗಿಳಿಸಿದಷ್ಟೇ! ಸಮವೇಗದಲ್ಲಿ ಸಾಗುವಾಗಲಂತೂ ಈ ದುಪ್ಪಟ್ಟಿನ ಲೆಕ್ಕವೇ ಇಲ್ಲ. ವ್ಯತ್ಯಾಸ ತಿಳಿಯುವುದು ಹಳ್ಳದಿಣ್ಣೆಗಳಲ್ಲಿ. ಗಾಲಿಯಿರುವುದು ಸ್ಪ್ರಿಂಗಿನ ಕೆಳಗೆ. ಹಗುರವಾದಷ್ಟೂ ಅದು ನೆಲದ ಏರಿಳಿತವನ್ನು ಬೇಗ ಅನುಸರಿಸುತ್ತದೆ. ಇನ್ನು ಅಂಗಡಿಯಲ್ಲಿ ಹೊಳೆಯುವ ಅಲಾಯ್ ಗಾಲಿಗಳೆಲ್ಲವೂ ಹಗುರವೆಂಬುದು ಬರಿಯ ಭ್ರಮೆ. ಅಗಲ, ವ್ಯಾಸಗಳು ಹಿಗ್ಗಿದರೆ ಅವು ಕಾರಿನೊಡನೆ ಬಂದ ಉಕ್ಕಿನ ಗಾಲಿಗಿಂತಲೂ ಭಾರವಾಗುವುದುಂಟು.