ಎಲ್ಲರಿಗೂ ಒಂದೇ ಬಾಟಲಿ ಅಲ್ಲ: ಡ್ರಿಪ್ಪಿನ ಚರಿತ್ರೆ ಮತ್ತು ಲಿವರ್ ಕೆಟ್ಟವರ ಕಷ್ಟ

"ಒಂದು ಬಾಟಲಿ ಹಾಕಿಬಿಡಿ ಡಾಕ್ಟ್ರೇ." ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ದಿನಾ ಕೇಳುವ ಮಾತು. ಸುಸ್ತಾದರೂ ಬಾಟಲಿ, ಜ್ವರ ಬಂದರೂ ಬಾಟಲಿ. ನರಕ್ಕೆ ಹನಿ ಇಳಿಯತೊಡಗಿದರೆ ಮನೆಯವರಿಗೆ ಅರ್ಧ ಧೈರ್ಯ ಬಂದ ಹಾಗೆ. ಈ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ, ಅದರ ಹಿಂದೆ 190 ವರ್ಷಗಳ ಚರಿತ್ರೆ ಇದೆ. ಆದರೆ ಸಿರೋಸಿಸ್ ಆಗಿ ಲಿವರ್ ಗಟ್ಟಿಯಾದವರಿಗೆ ನಂಜೇರಿದಾಗ, ಅಂದರೆ ಸೆಪ್ಸಿಸ್ ಆದಾಗ, ಇದೇ ಬಾಟಲಿ ಜೀವ ಉಳಿಸಲೂಬಹುದು, ಉಸಿರು ಕಟ್ಟಿಸಲೂಬಹುದು.

ಸ್ಕಾಟ್ಲೆಂಡಿನ ಆ ಅಜ್ಜಿ

1831ರಲ್ಲಿ ಕಾಲರಾ ಇಂಗ್ಲೆಂಡಿಗೆ ಕಾಲಿಟ್ಟಿತು. ಬೆಳಗ್ಗೆ ಓಡಾಡಿಕೊಂಡಿದ್ದವರು ಸಂಜೆಗೆ ಇಲ್ಲ. ಅಂದಿನ ವೈದ್ಯರಲ್ಲಿ ಅನೇಕರು ಮಾಡುತ್ತಿದ್ದ ಚಿಕಿತ್ಸೆ ಏನು ಗೊತ್ತೇ? ರೋಗಿಯ ಮೈಯಿಂದ ಇನ್ನಷ್ಟು ರಕ್ತ ತೆಗೆಯುವುದು!

ಆಗ ಐರ್ಲೆಂಡಿನ ವಿಲಿಯಂ ಓಶಾನೆಸಿ ಎಂಬ 22 ವರ್ಷದ ವೈದ್ಯ ಕಾಲರಾ ರೋಗಿಗಳ ರಕ್ತ ಪರೀಕ್ಷಿಸಿದ. ಅದರಲ್ಲಿ ನೀರೂ ಉಪ್ಪೂ ಕಡಿಮೆಯಾಗಿದ್ದವು. ಹೋದದ್ದನ್ನು ನರದ ಮೂಲಕ ವಾಪಸ್ ಕೊಡಬೇಕು ಎಂದು ಬರೆದ. ಇದೇ ಓಶಾನೆಸಿ 1833ರಲ್ಲಿ ಕಲ್ಕತ್ತೆಗೆ ಬಂದು, ಮುಂದೆ ನಮ್ಮ ದೇಶದಲ್ಲಿ ಟೆಲಿಗ್ರಾಫ್ ತಂತಿ ಎಳೆಸಿದವನು.

ಅವನ ಮಾತನ್ನು ಕೈಯಾರೆ ಮಾಡಿ ನೋಡಿದವನು ಸ್ಕಾಟ್ಲೆಂಡಿನ ಲೀತ್ ಊರಿನ ವೈದ್ಯ ಥಾಮಸ್ ಲಾಟಾ. 1832ರ ಮೇ ತಿಂಗಳು. ಉಳಿಯುವ ಆಸೆಯೇ ಇಲ್ಲದ ಒಬ್ಬ ಮುದುಕಿಯ ನರಕ್ಕೆ ಉಪ್ಪುನೀರು ಬಿಟ್ಟ. ಅರ್ಧ ಗಂಟೆಯಲ್ಲಿ ಸುಮಾರು ಮೂರು ಲೀಟರ್ ಹೋಯಿತು. ಗುಳಿಬಿದ್ದ ಕಣ್ಣಿಗೆ ಕಳೆ ಬಂತು, ತಣ್ಣಗಾಗಿದ್ದ ಕೈಕಾಲು ಬೆಚ್ಚಗಾದವು, ನಾಡಿ ಸಿಕ್ಕಿತು. ಗೆದ್ದೆವು ಎಂದುಕೊಂಡ ಲಾಟಾ ಅವಳನ್ನು ಇನ್ನೊಬ್ಬ ವೈದ್ಯನಿಗೆ ಒಪ್ಪಿಸಿ ಹೋದ. ಮತ್ತೆ ವಾಂತಿ ಭೇದಿ ಶುರುವಾಯಿತು. ಮತ್ತೆ ನೀರು ಕೊಡಲಿಲ್ಲ. ಐದೂವರೆ ಗಂಟೆಯಲ್ಲಿ ಅಜ್ಜಿ ತೀರಿಕೊಂಡಳು.

ಡ್ರಿಪ್ಪಿನ ಮೊದಲ ಪಾಠ ಇದು. ಬಾಟಲಿ ಹಾಕಿದರೆ ಮುಗಿಯಲಿಲ್ಲ, ಪಕ್ಕದಲ್ಲಿ ನಿಂತು ನೋಡುವವರು ಬೇಕು.

ನೀರನ್ನು ಹಿಡಿದಿಡುವ ಪ್ರೋಟೀನು

1896ರಲ್ಲಿ ಲಂಡನ್ನಿನ ಅರ್ನೆಸ್ಟ್ ಸ್ಟಾರ್ಲಿಂಗ್ ಇನ್ನೊಂದು ಗುಟ್ಟು ಬಿಡಿಸಿದ. ರಕ್ತದಲ್ಲಿರುವ ಪ್ರೋಟೀನು ನೀರನ್ನು ರಕ್ತನಾಳದೊಳಗೇ ಹಿಡಿದಿಡುತ್ತದೆ. ಈ ಕೆಲಸದಲ್ಲಿ ಹೆಚ್ಚಿನ ಪಾಲು ಅಲ್ಬುಮಿನ್ ಎಂಬ ಪ್ರೋಟೀನಿನದು. ಅದನ್ನು ತಯಾರಿಸುವುದು ಲಿವರ್.

ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಎಡ್ವಿನ್ ಕೋನ್ ಮನುಷ್ಯರ ರಕ್ತದಿಂದ ಅಲ್ಬುಮಿನ್ ಬೇರ್ಪಡಿಸುವ ದಾರಿ ಕಂಡುಹಿಡಿದ. 1941ರ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರ್ ಮೇಲೆ ಬಾಂಬ್ ಬಿದ್ದಾಗ, ಸುಟ್ಟ ಗಾಯಗಳಾದವರಿಗೆ ಅದನ್ನು ಕೊಟ್ಟರು.

ಲಿವರ್ ಗಟ್ಟಿಯಾದರೆ ಏನಾಗುತ್ತದೆ?

ಕಾಲುವೆಯನ್ನು ನೆನೆಸಿಕೊಳ್ಳಿ. ನಡುವೆ ಹೂಳು ತುಂಬಿ ಕಟ್ಟಿಕೊಂಡರೆ ಮೇಲಿನ ಗದ್ದೆಗೆ ನೀರು ನುಗ್ಗುತ್ತದೆ, ಕೊನೆಯ ರೈತನ ಗದ್ದೆ ಒಣಗುತ್ತದೆ. ಸಿರೋಸಿಸ್‌ನಲ್ಲೂ ಹೀಗೇ. ಕರುಳಿನಿಂದ ಬಂದ ರಕ್ತ ಗಟ್ಟಿಯಾದ ಲಿವರಿನಲ್ಲಿ ಸಲೀಸಾಗಿ ಹಾಯುವುದಿಲ್ಲ. ಹೊಟ್ಟೆಯ ರಕ್ತನಾಳಗಳು ಹಿಗ್ಗಿ ರಕ್ತ ಅಲ್ಲೇ ನಿಲ್ಲುತ್ತದೆ. ಕಿಡ್ನಿಗೆ ಸಾಕಷ್ಟು ಸಿಗದೆ ಅದು ಉಪ್ಪನ್ನೂ ನೀರನ್ನೂ ಬಿಗಿಹಿಡಿಯುತ್ತದೆ. ಅಲ್ಬುಮಿನ್ ಬೇರೆ ಕಡಿಮೆ. ಹೊಟ್ಟೆ ಉಬ್ಬುತ್ತದೆ, ಕಾಲು ಊದುತ್ತದೆ. ಮೈತುಂಬ ನೀರು, ಆದರೂ ಬಿಪಿ ಕಡಿಮೆ.

ಇಂಥವರಿಗೆ ನಂಜೇರಿದರೆ ಬಿಪಿ ಇನ್ನೂ ಕುಸಿಯುತ್ತದೆ. ನೀರು ಕೊಡಲೇಬೇಕು. ಆದರೆ ಒಂದು ಲೀಟರ್ ಸಲೈನಿನಲ್ಲಿ 9 ಗ್ರಾಂ ಉಪ್ಪಿದೆ. ಊಟದಲ್ಲಿ ಉಪ್ಪು ಕಡಿಮೆ ಮಾಡಿ ಎಂದು ಹೇಳಿಸಿಕೊಂಡ ರೋಗಿಗೆ ನರದಲ್ಲಿ ಅಷ್ಟು ಉಪ್ಪು! ಕೊಟ್ಟ ನೀರು ರಕ್ತನಾಳದಲ್ಲಿ ನಿಲ್ಲದೆ ಹೊಟ್ಟೆಗೆ, ಶ್ವಾಸಕೋಶಕ್ಕೆ ಸೋರುತ್ತದೆ.

ಹೆಚ್ಚು ಕೊಟ್ಟರೆ ಒಳ್ಳೆಯದೇ?

2001ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ಒಂದು ಅಧ್ಯಯನದಲ್ಲಿ, ಸೆಪ್ಸಿಸ್ ಆದವರಿಗೆ ಮೊದಲ ಗಂಟೆಗಳಲ್ಲೇ ಬಿಗಿಯಾಗಿ ಚಿಕಿತ್ಸೆ ಕೊಟ್ಟಾಗ ಸಾವು 46.5%ರಿಂದ 30.5%ಕ್ಕೆ ಇಳಿಯಿತು. ಮುಂದೆ, ಮೊದಲ ಮೂರು ಗಂಟೆಯಲ್ಲಿ ಪ್ರತಿ ಕಿಲೋ ತೂಕಕ್ಕೆ 30 ಮಿ.ಲೀ. ಎಂಬ ಲೆಕ್ಕ ರೂಢಿಗೆ ಬಂತು. 60 ಕಿಲೋ ಇರುವವರಿಗೆ ಸುಮಾರು ಎರಡು ಲೀಟರ್.

ಆದರೆ 2011ರಲ್ಲಿ ಆಫ್ರಿಕಾದಿಂದ ಬೇರೆಯೇ ಸುದ್ದಿ ಬಂತು. ಉಗಾಂಡ, ಕೆನ್ಯಾ, ತಾಂಜಾನಿಯಾಗಳಲ್ಲಿ ಸೋಂಕಿನಿಂದ ತೀವ್ರ ಕಾಯಿಲೆ ಬಿದ್ದ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳ ಅಧ್ಯಯನವದು. ಜೋರಾಗಿ ನೀರು ಏರಿಸಿದ ಗುಂಪುಗಳಲ್ಲಿ 48 ಗಂಟೆಯೊಳಗೆ ಸತ್ತವರು ಸುಮಾರು 10.5%, ಹಾಗೆ ಏರಿಸದ ಗುಂಪಿನಲ್ಲಿ 7.3%. ಹೆಚ್ಚು ಎಂದರೆ ಒಳ್ಳೆಯದು ಎಂಬ ನಂಬಿಕೆ ಅಲ್ಲಾಡಿತು.

ಲಿವರ್ ರೋಗಿಗಳದ್ದು ಇನ್ನೂ ನಾಜೂಕು. 1999ರಲ್ಲಿ ಸ್ಪೇನಿನ ವೈದ್ಯರು, ಹೊಟ್ಟೆಯ ನೀರಿಗೆ ಸೋಂಕು ತಗುಲಿದ 126 ಸಿರೋಸಿಸ್ ರೋಗಿಗಳನ್ನು ನೋಡಿದರು. ಬರೀ ಆ್ಯಂಟಿಬಯೋಟಿಕ್ ಕೊಟ್ಟವರಲ್ಲಿ 29% ಜನ ಆಸ್ಪತ್ರೆಯಲ್ಲೇ ಸತ್ತರು. ಜೊತೆಗೆ ಅಲ್ಬುಮಿನ್ ಕೊಟ್ಟವರಲ್ಲಿ 10% ಮಾತ್ರ.

ಹಾಗಾದರೆ ಅಲ್ಬುಮಿನ್ ಸುರಿದರೆ ಆಯಿತೇ? ಉತ್ತರ ಹುಡುಕಿದವರಲ್ಲಿ ದೆಹಲಿಯ ಸರ್ಕಾರಿ ಲಿವರ್ ಸಂಸ್ಥೆಯ ವೈದ್ಯರೂ ಇದ್ದರು. ನಂಜೇರಿ ಬಿಪಿ ಕುಸಿದಿದ್ದ 308 ಸಿರೋಸಿಸ್ ರೋಗಿಗಳ ಮೇಲಿನ ಅವರ ಅಧ್ಯಯನ 2021ರಲ್ಲಿ ಬಂತು. 5% ಅಲ್ಬುಮಿನ್ ಸಲೈನಿಗಿಂತ ಚೆನ್ನಾಗಿ ಬಿಪಿ ಎತ್ತಿತು. ಒಂದು ವಾರದ ಮೇಲೆ ಬದುಕಿದ್ದವರು ಅಲ್ಬುಮಿನ್ ಗುಂಪಿನಲ್ಲಿ 43.5%, ಸಲೈನ್ ಗುಂಪಿನಲ್ಲಿ 38.3%. ಅದೇ ಸಂಸ್ಥೆಯ ಇನ್ನೊಂದು ಅಧ್ಯಯನದಲ್ಲಿ 100 ರೋಗಿಗಳಲ್ಲಿ ಅರ್ಧ ಜನರಿಗೆ ಗಾಢವಾದ 20% ಅಲ್ಬುಮಿನ್ ಕೊಟ್ಟರು. ಬಿಪಿ ಬೇಗ ಏರಿತು. ಆದರೆ ಅವರಲ್ಲಿ 22% ಜನರಿಗೆ ಅದನ್ನು ನಡುವೆಯೇ ನಿಲ್ಲಿಸಬೇಕಾಯಿತು, ಶ್ವಾಸಕೋಶದ ತೊಂದರೆಯೂ ಹೆಚ್ಚಾಯಿತು. 28 ದಿನಗಳ ಲೆಕ್ಕದಲ್ಲಿ ಸಾವು ಕಡಿಮೆಯಾಗಲಿಲ್ಲ.

ಸಾವಿರಾರು ರೂಪಾಯಿ ಬೆಲೆಯ ಬಾಟಲಿಯೂ ಸಂಜೀವಿನಿಯಲ್ಲ ಎಂದಾಯಿತು. ಯಾವ ನೀರು, ಎಷ್ಟು, ಎಷ್ಟು ಬೇಗ ಎಂಬುದನ್ನು ರೋಗಿಯನ್ನು ನೋಡುತ್ತ ನೋಡುತ್ತಲೇ ತೀರ್ಮಾನಿಸಬೇಕು. ನೀರಿನಿಂದ ಬಿಪಿ ಏಳದಿದ್ದರೆ ಬಾಟಲಿಯ ಮೇಲೆ ಬಾಟಲಿ ಏರಿಸುವ ಬದಲು ಬಿಪಿ ಎತ್ತುವ ಔಷಧಿ ಶುರುಮಾಡುತ್ತಾರೆ.

ಮನೆಯವರ ಪಾಲಿನ ಕೆಲಸ

ಡ್ರಿಪ್ ಬೇಡ ಎನ್ನಬೇಡಿ. ಬಿಪಿ ಬಿದ್ದವರಿಗೆ ಅದು ಬೇಕೇ ಬೇಕು. ಆದರೆ ಆಸ್ಪತ್ರೆಗೆ ಹೋದ ಕೂಡಲೇ "ಇವರಿಗೆ ಲಿವರ್ ತೊಂದರೆ ಇದೆ" ಎಂದು ಮೊದಲು ಹೇಳಿ. ಹಳೆಯ ಚೀಟಿಗಳನ್ನು ತೋರಿಸಿ. ಕುಡಿತದ ವಿಷಯವಾದರೂ ನಾಚಿಕೆಗೆ ಮುಚ್ಚಿಡಬೇಡಿ.

ಸಿರೋಸಿಸ್ ಇದ್ದವರಿಗೆ ಜ್ವರವಿಲ್ಲದೆಯೂ ನಂಜೇರಬಹುದು. ಮಾತು ತಡವರಿಸಿದರೆ, ಮಂಕಾಗಿ ಮಲಗಿದರೆ, ಹೊಟ್ಟೆ ನೋವು ಬಂದರೆ, ಮೂತ್ರ ಕಡಿಮೆಯಾದರೆ ಬೆಳಗಾಗಲಿ ಎಂದು ಕಾಯಬೇಡಿ. ತಾಲ್ಲೂಕು ಆಸ್ಪತ್ರೆಯವರು ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರೆ ತಕ್ಷಣ ಹೊರಡಿ.

ಬಾಟಲಿ ಇಳಿಯುತ್ತಿರುವಾಗ ಹತ್ತಿರ ಕೂತವರು ಉಸಿರಿನ ಮೇಲೆ ಕಣ್ಣಿಡಿ. ಏದುಸಿರು ಬಂದರೆ, ಕೆಮ್ಮು ಶುರುವಾದರೆ, ಮಲಗಿದವರು ಉಸಿರಿಗಾಗಿ ಎದ್ದು ಕೂತರೆ, ಆ ಕ್ಷಣವೇ ನರ್ಸ್ ಅಕ್ಕನನ್ನು ಕೂಗಿ.