ಬಾವಂಚಿ ಬೀಜ ಮತ್ತು ಬಿಸಿಲಿನ ಲೆಕ್ಕ

ನಾನು ಬಿ.ಕಾಂ. ಓದಿದ ಬ್ಯಾಂಕಿನವನು, ಡಾಕ್ಟರಲ್ಲ. ಆದರೆ ಬೆಳಕಿನಿಂದ ಚರ್ಮರೋಗ ವಾಸಿ ಮಾಡುವ ಇತಿಹಾಸ ಓದುತ್ತಾ ಹೋದಂತೆ ಇದೂ ಒಂದು ಲೆಕ್ಕಾಚಾರದ ಕಥೆಯೇ ಅನ್ನಿಸಿತು.

ತೊನ್ನಿಗೆ ಬಾವಂಚಿ ಬೀಜ ಅರೆದು ಹಚ್ಚಿ, ಬಿಸಿಲಿಗೆ ಕೂರಿಸುವುದು ನಮ್ಮಲ್ಲಿ ಬಹಳ ಹಳೆಯ ಪದ್ಧತಿ. ಈಜಿಪ್ಟಿನವರು ಇದಕ್ಕೇ ಅಮ್ಮಿ ಮೇಜಸ್ ಎಂಬ ಗಿಡದ ಬೀಜ ಬಳಸುತ್ತಿದ್ದರು. ಗಿಡ ಬೇರೆ ಬೇರೆಯಾದರೂ ಎರಡರಲ್ಲೂ ಇರುವುದು ಸೋರಾಲೆನ್ ಜಾತಿಯ ರಾಸಾಯನಿಕಗಳೇ. ಅವು ಚರ್ಮವನ್ನು ಬೆಳಕಿಗೆ ಸೂಕ್ಷ್ಮಗೊಳಿಸುತ್ತವೆ. ಗುಣ ಕಂಡವರೂ ಇದ್ದರು, ಬಿಸಿಲು ಹೆಚ್ಚಾಗಿ ಬೊಬ್ಬೆ ಎದ್ದವರೂ ಇದ್ದರು. ಅಳತೆ ಇರಲಿಲ್ಲ, ನೋಡಿ!

ಬೆಳಕನ್ನು ಆಸ್ಪತ್ರೆಯ ಔಷಧ ಮಾಡಿದ್ದು ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್. ಮುಖವನ್ನೇ ತಿಂದುಹಾಕುತ್ತಿದ್ದ ಚರ್ಮದ ಕ್ಷಯಕ್ಕೆ ಆತ ಕಾರ್ಬನ್ ದೀಪದ ಬೆಳಕನ್ನು ಮಸೂರಗಳಿಂದ ಒಟ್ಟುಗೂಡಿಸಿ, ನೀರಿನಿಂದ ತಂಪುಮಾಡಿ ಹಾಯಿಸಿದ. 1896ರಲ್ಲಿ ಕೋಪನ್‌ಹೇಗನ್ನಿನಲ್ಲಿ ಬೆಳಕಿನ ಚಿಕಿತ್ಸೆಗೇ ಒಂದು ಸಂಸ್ಥೆ ಕಟ್ಟಿದ. 1903ರಲ್ಲಿ ನೊಬೆಲ್ ಬಂತು. ಸ್ವತಃ ಕಾಯಿಲೆಯ ಮನುಷ್ಯ, ಮರುವರ್ಷವೇ ತೀರಿಕೊಂಡ, ವಯಸ್ಸು ಬರೀ 43.

ಮುಂದೆ 1940ರ ದಶಕದಲ್ಲಿ ಈಜಿಪ್ಟಿನ ವಿಜ್ಞಾನಿಗಳು ಅಮ್ಮಿ ಬೀಜದ ಸಾರವನ್ನು ಬೇರ್ಪಡಿಸಿದರು. ಅಲ್ಲಿನ ವೈದ್ಯ ಎಲ್ ಮೋಫ್ಟಿ 1948ರಲ್ಲಿ ತೊನ್ನಿನ ಮೇಲೆ ಅದರ ಪ್ರಯೋಗದ ವರದಿ ಪ್ರಕಟಿಸಿದರು. 1974ರಲ್ಲಿ ಅಮೆರಿಕದಲ್ಲಿ ಪ್ಯಾರಿಶ್, ಫಿಟ್ಸ್‌ಪ್ಯಾಟ್ರಿಕ್ ಮತ್ತು ಸಂಗಡಿಗರು ಸೋರಾಲೆನ್ ಮಾತ್ರೆ ನುಂಗಿಸಿ, ಅಳತೆ ಮಾಡಿದ ನೇರಳಾತೀತ ಬೆಳಕು ಕೊಟ್ಟು ಸೋರಿಯಾಸಿಸ್ ಹತೋಟಿಗೆ ತಂದರು. ಇದೇ 'ಪೂವಾ' ಚಿಕಿತ್ಸೆ. ಆದರೆ ವರ್ಷಗಟ್ಟಲೆ ಪೂವಾ ಪಡೆದವರಲ್ಲಿ ಚರ್ಮದ ಕ್ಯಾನ್ಸರಿನ ಅಪಾಯ ಹೆಚ್ಚುವುದು ಕಂಡುಬಂತು. ಹೀಗಾಗಿ ಮಾತ್ರೆಯೇ ಬೇಡದ, 311 ನ್ಯಾನೋಮೀಟರ್ ಆಸುಪಾಸಿನ ಬೆಳಕು ಮಾತ್ರ ಸೂಸುವ ದೀಪಗಳಿಗೆ ಬೇಡಿಕೆ ಬಂತು. 1997ರಲ್ಲಿ ಆಮ್‌ಸ್ಟರ್‌ಡ್ಯಾಮಿನ ವೈದ್ಯರು ಅದು ತೊನ್ನಿಗೂ ಫಲಕಾರಿ ಎಂದು ವರದಿ ಮಾಡಿದರು. ಈಗ ಮುಂಬಯಿಯ ಆಸ್ಪತ್ರೆಗಳಲ್ಲೂ ಇಂಥ ದೀಪಗಳಿವೆ.

ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದು ಹಿಂದೊಮ್ಮೆ ನಮ್ಮ ಶಾಖೆಯ ಕ್ಯಾಶ್ ಕೌಂಟರಿನಲ್ಲಿದ್ದ ಸಹೋದ್ಯೋಗಿಯೊಬ್ಬರಿಂದ. ಅವರ ಬೆರಳುಗಳ ಮೇಲೆ ತೊನ್ನಿತ್ತು. ಅವರು ಎಣಿಸಿಕೊಟ್ಟ ನೋಟು ಮುಟ್ಟಲು ಹಿಂಜರಿದು ಪಕ್ಕದ ಸಾಲಿಗೆ ಹೋಗಿ ನಿಲ್ಲುವವರನ್ನು ಕಣ್ಣಾರೆ ಕಂಡಿದ್ದೇನೆ. ಓದಿದವರೇ ಸ್ವಾಮಿ!

ತೊನ್ನನ್ನು 'ಶ್ವೇತಕುಷ್ಠ' ಎಂದು ಕರೆದದ್ದೇ ಅರ್ಧ ಅನರ್ಥಕ್ಕೆ ಮೂಲ. ಅದಕ್ಕೂ ಕುಷ್ಠಕ್ಕೂ ಸಂಬಂಧವಿಲ್ಲ, ಅದು ಅಂಟುವುದೂ ಇಲ್ಲ. ಬೆಳಕು ಎಲ್ಲರಲ್ಲೂ ಪೂರ್ತಿ ಬಣ್ಣ ತರುವುದಿಲ್ಲ, ಕೈಬೆರಳುಗಳಲ್ಲಂತೂ ಬಲು ಕಷ್ಟ. ಮನೆಯಲ್ಲಿ ಯಾರಿಗಾದರೂ ಇದ್ದರೆ ಬಾವಂಚಿ ಹಚ್ಚಿ ಬಿಸಿಲಿಗೆ ಕೂರಿಸಬೇಡಿ, ಚರ್ಮದ ಡಾಕ್ಟರ ಬಳಿ ಕರೆದುಕೊಂಡು ಹೋಗಿ. ಕೌಂಟರಿನಲ್ಲಿ ಅಂಥ ಕೈ ನೋಟು ನೀಡಿದರೆ ಧಾರಾಳವಾಗಿ ತೆಗೆದುಕೊಳ್ಳಿ.